ಉಮ್ಮ ಮುಚ್ಚಿಡುವ ತುರಿಕೆ

ರಾತ್ರಿ ತುರಿಕೆ ತಡೆಯಲಾಗದೆ ಉಮ್ಮ ಎದ್ದು ಕೂರುತ್ತಾರೆ. ಕೇಳಿದರೆ ‘ಏನಿಲ್ಲ, ಉಷ್ಣ’ ಅಂತಾರೆ. ಗುಪ್ತಾಂಗದ ಕಾಯಿಲೆಯನ್ನು ಮಕ್ಕಳ ಹತ್ತಿರ ಹೇಗೆ ಹೇಳುವುದು ಎಂಬ ನಾಚಿಕೆ.

ಮುಟ್ಟು ನಿಂತವರಲ್ಲಿ ಹೆಚ್ಚಾಗಿ ಕಾಣುವ ‘ಲೈಕೆನ್ ಸ್ಕ್ಲೆರೋಸಸ್’ ಎಂಬ ಚರ್ಮರೋಗ ಹೀಗೆಯೇ ಶುರುವಾಗುತ್ತದೆ. ಅಲ್ಲಿನ ಚರ್ಮ ಬೆಳ್ಳಗಾಗಿ, ತೆಳುವಾಗಿ ಬಿರಿಯುತ್ತದೆ. ಇದು ಅಂಟುರೋಗವಲ್ಲ, ಶುಚಿತ್ವದ ಕೊರತೆಯಿಂದ ಬರುವುದೂ ಅಲ್ಲ. ಮೆಡಿಕಲ್‌ನಿಂದ ಕೇಳಿ ತಂದ ಕ್ರೀಮ್ ಹಚ್ಚುತ್ತಾ ವರ್ಷಗಳನ್ನು ಕಳೆದರೆ ಚರ್ಮ ಒಂದಕ್ಕೊಂದು ಅಂಟಿ ದ್ವಾರ ಕಿರಿದಾಗಬಹುದು. ಮೂತ್ರ ಮಾಡುವುದೂ ಕಷ್ಟ. ಹಾಗೆ ಅಂಟಿದ್ದು ಮುಲಾಮಿನಿಂದ ಬಿಡುವುದಿಲ್ಲ. 100ರಲ್ಲಿ 5ಕ್ಕಿಂತ ಕಡಿಮೆ ಮಂದಿಗೆ ಅಲ್ಲೇ ಕ್ಯಾನ್ಸರ್ ಕೂಡ ಬರುತ್ತದೆ.

ಮದ್ದು ಇದೆ. ಡಾಕ್ಟರ್ ಬರೆದುಕೊಡುವ ಪ್ರಬಲ ಸ್ಟೀರಾಯ್ಡ್ ಮುಲಾಮನ್ನು ಹೇಳಿದಂತೆ ತಪ್ಪದೆ ಹಚ್ಚಿದರೆ ತುರಿಕೆ ಇಳಿಯುತ್ತದೆ, ಕ್ಯಾನ್ಸರ್ ಭಯವೂ ಕಡಿಮೆ. ತೊಳೆಯಲು ಬರೀ ನೀರು ಸಾಕು, ಸೋಪು ಬೇಡ. ಗಂಟು, ಆರದ ಹುಣ್ಣು, ರಕ್ತ ಕಂಡರೆ ತಡಮಾಡಬಾರದು.

ದೀನ್ ಕಲಿಯಲು ನಾಚದ ಅನ್ಸಾರಿ ಮಹಿಳೆಯರನ್ನು ಆಯಿಷಾ(ರ) ಹೊಗಳಿದ್ದನ್ನು ನಾವು ಮದ್ರಸದಲ್ಲಿ ಕಲಿಸುತ್ತೇವೆ. ಮದ್ದು ಮಾಡಲು ನಾಚಿಕೆ ಏಕೆ? ಮಗಳೋ ಸೊಸೆಯೋ ಇವತ್ತೇ ಉಮ್ಮನ ಹತ್ತಿರ ಕೂತು ಮೆಲ್ಲಗೆ ಕೇಳಲಿ, ಲೇಡಿ ಡಾಕ್ಟರ್ ಬಳಿಗೆ ಕರೆದೊಯ್ಯಲಿ.