ವಾಕ್ಚಿತ್ರಾರಂಭ ಕಾಲದ ಭೀತಿಚಿತ್ರಗಳು ಮತ್ತು ದೊಡ್ಡಾಟದ ಶ್ರವಣ ಪರಂಪರೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಿತು. ಇಲ್ಲಿಯ ಗ್ರಾಮೀಣ ಪ್ರೇಕ್ಷಕನ ಅಭಿರುಚಿಯನ್ನು ಸಿನೆಮಾಕ್ಕೆ ಮೊದಲೇ ದೊಡ್ಡಾಟ, ತೊಗಲುಗೊಂಬೆಯಾಟಗಳು ರೂಪಿಸಿದ್ದವು. ದೊಡ್ಡಾಟದ ರಕ್ಕಸ ಪಾತ್ರವು ಕಣ್ಣಿಗೆ ಬೀಳುವ ಮುನ್ನ ಕಿವಿಗೆ ಬೀಳುತ್ತದೆ. ಅಡ್ಡ ಹಿಡಿದ ತೆರೆಯ ಹಿಂದೆ ಆರ್ಭಟವೇಳುತ್ತದೆ, ಮದ್ದಳೆ ತಾಳಗಳು ಬಿರುಸುಗೊಂಡು ಥಟ್ಟನೆ ನಿಲ್ಲುತ್ತವೆ. ಮಕ್ಕಳು ತಾಯಿಯ ಸೆರಗು ಹಿಡಿಯುವುದು ಆ ನಿಲುಗಡೆಯಲ್ಲಿ.

ಮೂಕಿಯಿಂದ ಟಾಕಿಗೆ ಹೊರಳಿದ ಕಾಲದ ಭೀತಿಚಿತ್ರಗಳನ್ನು ಆಸ್ವಾದಿಸಲು ಈ ಶ್ರವಣ ಸಂಸ್ಕಾರವು ಉಪಯುಕ್ತವಾದುದು. ಅವು ಮಂದಗತಿಯವು, ಹಿನ್ನೆಲೆ ಸಂಗೀತವಿಲ್ಲದವು ಎಂಬ ಆಕ್ಷೇಪ ಸಾಮಾನ್ಯ. ಇದು ಅವಸರದ ತೀರ್ಮಾನ. ಟಾಡ್ ಬ್ರೌನಿಂಗ್ ನಿರ್ದೇಶನದ ‘ಡ್ರಾಕುಲಾ’ (1931) ಚಿತ್ರದಲ್ಲಿ ಶೀರ್ಷಿಕೆಗಳ ಜೊತೆ ಚೈಕೋವ್‌ಸ್ಕಿಯ ಸಂಗೀತ ಕೇಳುತ್ತದೆ. ಆಮೇಲೆ ಸಂಗೀತಸಭೆಯ ದೃಶ್ಯವೊಂದನ್ನುಳಿದು ಬಹುತೇಕ ನಿಶ್ಶಬ್ದ. ಹಿನ್ನೆಲೆ ಸಂಗೀತದ ರೂಢಿ ಆಗಿನ್ನೂ ನೆಲೆಗೊಂಡಿರಲಿಲ್ಲ; ಧ್ವನಿಯಂತ್ರವಿಲ್ಲದ ಚಿತ್ರಮಂದಿರಗಳಿಗಾಗಿ ಅದೇ ಚಿತ್ರದ ಮೂಕಿ ಆವೃತ್ತಿಯೂ ಹೊರಬಂದಿತು. ಆದರೆ ಈ ಕೊರತೆಯಿಂದಲೇ ಬಾಗಿಲಿನ ಕಿರುಗುಟ್ಟುವಿಕೆ, ತೋಳಗಳ ಊಳು, ಬೇಲಾ ಲುಗೋಸಿಯ ಎಳೆದಾಡುವ ಮಾತು ಇಮ್ಮಡಿ ಕಸುವು ಪಡೆದವು. ಅದೇ ವರ್ಷದ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಬೋರಿಸ್ ಕಾರ್ಲಾಫ್‌ನ ಜೀವಿಗೆ ಮಾತೇ ಇಲ್ಲ, ಬರಿಯ ನರಳಿಕೆ, ಗುರುಗುಟ್ಟುವಿಕೆ. ಮುಂದೆ 1999ರಲ್ಲಿ ಫಿಲಿಪ್ ಗ್ಲಾಸ್ ‘ಡ್ರಾಕುಲಾ’ಕ್ಕೆ ಒದಗಿಸಿದ ಸಂಗೀತ ಸುಂದರವಾದುದು ನಿಜ, ಅದು ತುಂಬಿದ್ದು ಮಾತ್ರ ತುಂಬಬಾರದ ತೆರಪನ್ನು.

ಕನ್ನಡದಲ್ಲಿ ಬಿಡುಗಡೆಗೊಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಭೀತಿಚಿತ್ರವಲ್ಲ. ಆದರೆ ಅದರ ಕಥೆಯ ಜನಪದ ಪಾಠಗಳಲ್ಲಿ ಭೀತಿಯ ಬೀಜವಿದೆ: ಇಂದ್ರಜಿತುವಿನ ತುಂಡಾದ ತೋಳು ಬರೆಯುತ್ತದೆ, ಕಡಿದ ರುಂಡ ಸಭೆಯ ನಡುವೆ ನಗುತ್ತದೆ. ವಾಲ್ಮೀಕಿಯಲ್ಲಿ ಈ ಪ್ರಸಂಗವಿಲ್ಲ. ವೈ.ವಿ. ರಾವ್ ನಿರ್ದೇಶಿಸಿದ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ ಅಭಿನಯಿಸಿದ ಆ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ. ಮಾತಿನ ಭೀತಿಚಿತ್ರಗಳಲ್ಲಿ ಮೊದಲನೆಯದೆನ್ನಲಾಗುವ ‘ದ ಟೆರರ್’ (1928) ಕೂಡ ಲುಪ್ತ.

ಹೀಗಾಗಿ ಆ ರುಂಡದ ನಗೆಯನ್ನು ಕನ್ನಡ ಕಿವಿ ಹೇಗೆ ಕೇಳಿದ್ದೀತೆಂದು ಊಹಿಸಲು ಉಳಿದಿರುವ ಆಧಾರ ಬಯಲಾಟದ ರಂಗವೇ. ದೊಡ್ಡಾಟದ ಮುದ್ರಿತ ಪಠ್ಯಗಳಲ್ಲಿ ಹಾಡು, ಮಾತುಗಳು ಸಿಗುತ್ತವೆ. ಆರ್ಭಟದ ಏರಿಳಿತವಾಗಲಿ, ಮದ್ದಳೆ ನಿಲ್ಲುವ ಗಳಿಗೆಯಾಗಲಿ ಸಿಗುವುದಿಲ್ಲ. ಈ ಮೂರು ಊರುಗಳ ಸುತ್ತಿನ ಹಿರಿಯ ಕಲಾವಿದರಿಂದ ಇಂದ್ರಜಿತುವಿನ ಪ್ರಸಂಗವನ್ನು ರಾತ್ರಿಯ ಪೂರ್ಣ ಪ್ರಯೋಗವಾಗಿ, ಮೌನಗಳನ್ನು ಕತ್ತರಿಸದೆ ಧ್ವನಿಮುದ್ರಿಸಿಕೊಳ್ಳುವುದು ತುರ್ತಾಗಿ ಆಗಬೇಕಾದ ಕೆಲಸ.