ಮರದ ಉಂಗುರದಲ್ಲಿ ಮಳೆ ಲೆಕ್ಕ: ಅರಿಜೋನಾ ರೈತರಿಂದ ನಮಗೊಂದು ಪಾಠ

ಹೋದ ವರ್ಷ ನಿಮ್ಮ ಕಡೆ ಎಷ್ಟು ಮಳೆ ಬಿತ್ತು ಅಂತ ಮೊಬೈಲ್‌ನಲ್ಲೇ ನೋಡಬಹುದು. ನಾನ್ನೂರು ವರ್ಷದ ಹಿಂದಿನ ಮಳೆ? ಅದನ್ನೂ ಅಂದಾಜು ಮಾಡುವ ಒಂದು ಪ್ರಯೋಗಾಲಯ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿದೆ. ಅವರಿಗೆ ಮರವೇ ದಾಖಲೆ ಪುಸ್ತಕ.

ವಿಶ್ವವಿದ್ಯಾಲಯ ಇರೋದು ಟೂಸಾನ್ ನಗರದಲ್ಲಿ. ಸುತ್ತ ಸೊನೋರಾ ಮರುಭೂಮಿ, ಎಲ್ಲಿ ನೋಡಿದರೂ ಕಳ್ಳಿ. ವರ್ಷಕ್ಕೆ ಸುಮಾರು 300 ಮಿ.ಮೀ. ಮಳೆ, ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಆದರೆ ಪಕ್ಕದ ಸಾಂಟಾ ಕ್ಯಾಟಲೀನಾ ಬೆಟ್ಟ ಹತ್ತಿದರೆ ಪೈನ್ ಕಾಡು ಸಿಗುತ್ತದೆ. ಎ. ಇ. ಡಗ್ಲಾಸ್ ಎಂಬ ಖಗೋಳ ವಿಜ್ಞಾನಿ ಸೂರ್ಯನ ಕಲೆಗಳಿಗೂ ಹವಾಮಾನಕ್ಕೂ ನಂಟಿದೆಯೇ ಅಂತ ಹುಡುಕುತ್ತಾ ಮರದ ಉಂಗುರಗಳ ಬೆನ್ನು ಹತ್ತಿದರು. 1937ರಲ್ಲಿ ಈ ಪ್ರಯೋಗಾಲಯ ಕಟ್ಟಿದರು. ದಶಕಗಳ ಕಾಲ ಅದು ನಡೆದದ್ದು ಫುಟ್‌ಬಾಲ್ ಸ್ಟೇಡಿಯಂನ ಕೆಳಗೆ! ಸ್ವಂತ ಕಟ್ಟಡ ಸಿಕ್ಕಿದ್ದು 2013ರಲ್ಲಿ.

ಉಂಗುರ ಓದುವುದು ಹೇಗೆ?

ಅಲ್ಲಿನ ಪೈನ್ ಮರ ವರ್ಷಕ್ಕೊಂದು ಉಂಗುರ ಕಟ್ಟುತ್ತದೆ. ಒಳ್ಳೆ ಮಳೆಯಾದರೆ ದಪ್ಪ, ಬರ ಬಿದ್ದರೆ ತೆಳು. ಮರ ಕಡಿಯಬೇಕಿಲ್ಲ. ಟೊಳ್ಳು ಬೈರಿಗೆಯಿಂದ ಪೆನ್ಸಿಲ್‌ಗಿಂತ ತೆಳ್ಳಗಿನ ಕಡ್ಡಿಯಷ್ಟು ತೆಗೆದರೆ ಸಾಕು. ಒಂದೇ ಮರವನ್ನು ನಂಬುವುದಿಲ್ಲ. ಹಲವು ಮರಗಳ ದಪ್ಪ-ತೆಳುವಿನ ಸಾಲನ್ನು ಹೊಂದಿಸಿ ನೋಡುತ್ತಾರೆ. ಹಳೆ ಮನೆಗಳ ತೊಲೆಗಳನ್ನೂ ಜೋಡಿಸಿದರೆ ಲೆಕ್ಕ ಇನ್ನೂ ಹಿಂದಕ್ಕೆ ಹೋಗುತ್ತದೆ.

ಇಲ್ಲೊಂದು ಗಮನಿಸಿ. ಹೊಳೆ ದಂಡೆಯ ಮರ ಈ ಕೆಲಸಕ್ಕೆ ಬರೋದಿಲ್ಲ. ಬೇರಿಗೆ ಸದಾ ನೀರು ಸಿಗುವುದರಿಂದ ಅದರ ಉಂಗುರಗಳೆಲ್ಲ ಒಂದೇ ಸಮ. ಮಳೆ ನಂಬಿಕೊಂಡ ಕಲ್ಲು ಇಳಿಜಾರಿನ ಮರವೇ ನಿಜ ಹೇಳೋದು.

ತಪ್ಪಿದ ಲೆಕ್ಕ

1922ರಲ್ಲಿ ಏಳು ರಾಜ್ಯಗಳು ಕೊಲರಾಡೋ ನದಿ ನೀರು ಹಂಚಿಕೊಂಡವು. ಕೈಯಲ್ಲಿದ್ದದ್ದು ಕೆಲವೇ ವರ್ಷಗಳ ಅಳತೆ. ಅದನ್ನು ನಂಬಿ ನಮ್ಮ ಲೆಕ್ಕದಲ್ಲಿ ಸುಮಾರು 650 ಟಿಎಂಸಿ ಪಾಲು ಮಾಡಿದರು. 1976ರಲ್ಲಿ ಇದೇ ಪ್ರಯೋಗಾಲಯದ ಚಾರ್ಲ್ಸ್ ಸ್ಟಾಕ್ಟನ್ ಮತ್ತು ಅವರ ಜೊತೆಗಾರ ಗಾರ್ಡನ್ ಜಾಕೊಬಿ ಉಂಗುರಗಳನ್ನು ಓದಿ, ನದಿಯ ದೀರ್ಘಕಾಲದ ಸರಾಸರಿ ಸುಮಾರು 590 ಟಿಎಂಸಿ ಮಾತ್ರ ಎಂದರು. ಪಾಲು ಮಾಡಿದ ಕಾಲ ಶತಮಾನಗಳಲ್ಲೇ ಅಪರೂಪದ ತೇವದ ಕಾಲವಾಗಿತ್ತು!

ಬಿಲ್ ಬಂದಿದ್ದು ರೈತರಿಗೆ. ಬರಗಾಲ, ಏರುತ್ತಿರುವ ಬಿಸಿಲಿನಿಂದ ಜಲಾಶಯ ಕುಸಿದು, 2021ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಣೆಯಾಯಿತು. ಮರುವರ್ಷ ಟೂಸಾನ್ ಪಕ್ಕದ ಪಿನಾಲ್ ಜಿಲ್ಲೆಯಲ್ಲಿ ಹತ್ತಿ, ಕುದುರೆ ಮಸಾಲೆ ಬೆಳೆಯೋರಿಗೆ ನಾಲೆ ನೀರು ಕಡಿತವಾಯಿತು. ಕೆಲವರು ಬೋರ್‌ವೆಲ್‌ಗೆ ಹೋದರು, ಕೆಲವರು ಹೊಲ ಬೀಳು ಬಿಟ್ಟರು.

ನಮಗೇನು ಪಾಠ?

ಎರಡು ವರ್ಷ ಕೆರೆ ಕೋಡಿ ಬಿದ್ದರೆ ಸಾಕು, ಬಯಲುಸೀಮೆಯಲ್ಲೂ ಅಡಿಕೆ ಸಸಿಗೆ ಎಲ್ಲಿಲ್ಲದ ಬೇಡಿಕೆ. ಬೋರ್‌ವೆಲ್ ಇರುವ ತೋಟವೂ ಹೊಳೆ ದಂಡೆ ಮರದ ಹಾಗೇ: ನೀರು ನಿಲ್ಲುವ ತನಕ ಬರ ಗೊತ್ತಾಗೋದೇ ಇಲ್ಲ. ಹಾಗಾಗಿ:

- ಹೊಲದಲ್ಲೊಂದು ಮಳೆಮಾಪಕ ಇಡಿ. ದಿನಾ ಬೆಳಿಗ್ಗೆ 8.30ಕ್ಕೆ ನೋಡಿ ಬರೆದಿಡಿ.
- ಬಹುವಾರ್ಷಿಕ ಬೆಳೆ ಹಾಕುವ ಮೊದಲು ಹತ್ತಿರದ ಮಳೆ ಕೇಂದ್ರದ ಕನಿಷ್ಠ 30 ವರ್ಷದ ಅಂಕಿ ನೋಡಿ. ಸರಾಸರಿ ಸಾಲದು, ಸತತ ಬರದ ವರ್ಷಗಳನ್ನು ಹುಡುಕಿ.
- ಆ ವರ್ಷಗಳಲ್ಲಿ ಉಳಿಸಿಕೊಳ್ಳಬಲ್ಲಷ್ಟೇ ಗಿಡ ಹಾಕಿ.
- ತೆಂಗು, ಅಡಿಕೆಯಲ್ಲಿ ಉಂಗುರ ಇರೋದಿಲ್ಲ. ತೇಗದಲ್ಲಿ ಇರುತ್ತದೆ. ದಿಮ್ಮಿ ಕೊಯ್ಯುವ ಕಡೆ ಅಡ್ಡಕೊಯ್ತ ನೋಡಿ, ಫೋಟೋ ತೆಗೆದಿಡಿ. ನೆರಳು, ಕವಲು ಸವರಿದ್ದು ಎಲ್ಲವೂ ದಪ್ಪ ಬದಲಿಸುವುದರಿಂದ ಒಂದೇ ದಿಮ್ಮಿಯಿಂದ ತೀರ್ಮಾನಕ್ಕೆ ಬರಬೇಡಿ.

ನಿಮ್ಮ ಮಳೆ ಪುಸ್ತಕಕ್ಕೆ ಈ ವಾರವೇ ಮೊದಲ ಸಾಲು ಬರೆಯಿರಿ. ಮುಂದಿನ ವಾರ ಸಿಗೋಣ.