ಮಾಳಿಗೆ ಮನೆಯ ಜೀರ್ಣೋದ್ಧಾರ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹಳೆಯ ಓಣಿಗಳಲ್ಲಿ ಮನೆಯ ದುರಸ್ತಿಗೆ ಮನಸ್ಸುಮಾಡಿದ ಗೃಹಸ್ಥನ ಮುಂದೆ ಎರಡು ಬಗೆಯ ಉಪದೇಶಕರು ಬಂದು ನಿಲ್ಲುತ್ತಾರೆ: ಎಲ್ಲವನ್ನೂ ಕೆಡವಿ ಸ್ಲ್ಯಾಬು ಹಾಕಿಸಿರೆನ್ನುವ ಗುತ್ತಿಗೆದಾರರು ಒಂದೆಡೆ, ಪುಣೆಯಿಂದಲೋ ಬೆಂಗಳೂರಿನಿಂದಲೋ ಹಬ್ಬಕ್ಕೆ ಬಂದು, ಪಡಸಾಲೆಯ ಕಂಬಕ್ಕೊರಗಿ, ಹಿರಿಯರ ಕಾಲದ ಒಂದು ಮೊಳೆಯನ್ನೂ ಕೀಳಬೇಡಿರೆಂದು ಹೇಳಿಹೋಗುವ ನೆಂಟರು ಇನ್ನೊಂದೆಡೆ. ಸೋರುವ ಮಾಳಿಗೆಯ ಕೆಳಗೆ ರಾತ್ರಿ ಎದ್ದು ಕೊಡಪಾನ ಇಡತಕ್ಕವರು ಇವರಿಬ್ಬರಲ್ಲಿ ಯಾರೂ ಅಲ್ಲ.

ಉಳಿಸುವುದೇನೆಂಬುದನ್ನು ನಿರ್ಣಯಿಸುವ ಮೊದಲು ಮನೆ ನಿಂತಿರುವ ಕ್ರಮವನ್ನು ತಿಳಿಯಬೇಕು. ಕಲ್ಲುಮಣ್ಣಿನ ದಪ್ಪ ಗೋಡೆ, ಸಾಗುವಾನಿಯ ಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಹುಳ ಹತ್ತದಂತೆ ಬೇವಿನ ಸೊಪ್ಪು, ಎಲ್ಲಕ್ಕೂ ಮೇಲೆ ಬಡಿದು ಗಟ್ಟಿಮಾಡಿದ ಸವಳು ಮಣ್ಣು. ವೈಶಾಖದ ಬಿಸಿಲಿನಲ್ಲಿಯೂ ನಡುಮನೆ ತಂಪಾಗಿರುವುದು ಈ ಮಣ್ಣಿನ ಪ್ರಸಾದವೇ. ಆದರೆ ಈ ಮಾಳಿಗೆ ವರ್ಷವರ್ಷವೂ ಸೇವೆಯನ್ನು ಅಪೇಕ್ಷಿಸುತ್ತದೆ. ಮಿರಗದ ಮಳೆಗೆ ಮುನ್ನ ಮೇಲೆ ಹತ್ತಿ, ಹುಲ್ಲನ್ನು ಬೇರುಸಹಿತ ಕಿತ್ತು, ಬಿರುಕು ಮುಚ್ಚಬೇಕು. ಹಳೆಯ ಮಣ್ಣನ್ನು ತೆಗೆಯದೆ ತಲೆಮಾರುಗಳ ಕಾಲ ಹೊಸದನ್ನೇ ಹೇರುತ್ತ ಬಂದ ಮನೆಗಳಲ್ಲಿ ಆ ಭಾರಕ್ಕೆ ಜಂತಿಗಳು ಬಾಗುವುದು ಸಹಜ. ಆದುದರಿಂದ ಮರ ಹಳೆಯದಾಯಿತೆಂದು ತೀರ್ಮಾನಿಸುವ ಮುನ್ನ ಮಣ್ಣಿನ ದಪ್ಪವನ್ನು ಅಳೆಯತಕ್ಕದ್ದು. ಮರವು ಸಾಮಾನ್ಯವಾಗಿ ಮೊದಲು ಕೆಡುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲಿ, ತೇವವೂ ಒರಲೆಯೂ ಕೂಡುವಲ್ಲಿ. ಬಲ್ಲ ಬಡಿಗೇರನು ಸುತ್ತಿಗೆಯಿಂದ ತಟ್ಟಿ, ಟೊಳ್ಳು ದನಿ ಬಂದಷ್ಟು ಭಾಗವನ್ನು ಮಾತ್ರ ಕತ್ತರಿಸಿ ಹೊಸ ತುಂಡನ್ನು ಕೂಡಿಸುತ್ತಾನೆ.

ಗೋಡೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾದುದು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡಿಸುವುದು ದುರಸ್ತಿಯ ಹೆಸರಿನಲ್ಲಿ ನಡೆಯುವ ಅನಾಹುತ. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ, ಗೋಡೆ ಹೊರಗೆ ನುಣುಪಾಗಿ ಕಾಣುತ್ತಲೇ ಒಳಗೆ ಸಡಿಲಗೊಳ್ಳುತ್ತದೆ. ಸುಣ್ಣದ ಗಾರೆಯೇ ಇದಕ್ಕೆ ಯೋಗ್ಯ.

ಹಾಗೆಂದು ಮಣ್ಣನ್ನು ಎಲ್ಲೆಡೆಯೂ ಸಮರ್ಥಿಸಲಾಗದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ತಗ್ಗು ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನುಗ್ಗಿದಾಗ, ನೀರುಂಡ ಮಣ್ಣಿನ ಗೋಡೆಗಳು ಕುಸಿದುಬಿದ್ದುವು. ಪೂರ್ಣ ಬಿದ್ದ ಮನೆಗಳಿಗೆ ಸರಕಾರ 5 ಲಕ್ಷ ರೂಪಾಯಿಯ ಪರಿಹಾರವನ್ನು ಘೋಷಿಸಿತು. ನೆರೆ ಮುಟ್ಟುವ ಜಾಗದಲ್ಲಿ ಪರಂಪರೆಯ ಮೋಹದಿಂದ ಮತ್ತೆ ಮಣ್ಣಿನ ಗೋಡೆಯನ್ನೆಬ್ಬಿಸುವುದು ವಿವೇಕವಲ್ಲ.

ಕಿತ್ತೂರಿನ ಅರಮನೆಯದು ಬೇರೆಯೇ ಪ್ರಶ್ನೆ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಗೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಸೇನೆ ಸೋತ ಆ ಕೋಟೆಯೊಳಗೆ ಇಂದು ಅರಮನೆಯ ಛಾವಣಿಯಿಲ್ಲದ ಗೋಡೆಗಳಿವೆ; ಧ್ರುವ ನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಮಾಡಿದ ರಂಧ್ರಕ್ಕೆ ಶಾಲೆಯ ಮಕ್ಕಳು ಹಗಲಿನಲ್ಲಿಯೇ ಕಣ್ಣಿಟ್ಟು ನೋಡುತ್ತಾರೆ. ಆ ಗೋಡೆಗಳ ಮೇಲೆ ಊಹೆಯಿಂದ ಕಂಬ ಕಮಾನುಗಳನ್ನು ಕಟ್ಟಿದರೆ ನಮಗೆ ದೊರೆಯುವುದು ನಮ್ಮ ಕಾಲದ ಅರಮನೆಯೇ ಹೊರತು ಚೆನ್ನಮ್ಮನದಲ್ಲ. ಅಳಿದುಳಿದುದನ್ನು ಬೀಳದಂತೆ ಕಾಯುವುದೇ ಅಲ್ಲಿ ಧರ್ಮ. ಮಕ್ಕಳುಮರಿಗಳಿರುವ ಮನೆಗಾದರೋ ನೀರಿನ ನಲ್ಲಿಯೂ ಪಾಯಖಾನೆಯೂ ವಿದ್ಯುತ್ತೂ ಬೇಕು. ಅವುಗಳಿಗಾಗಿ ಹಿಂದಿನ ಕೊಟ್ಟಿಗೆಯನ್ನು ಒಡೆದರೆ ಪಾಪವೇನೂ ಬರುವುದಿಲ್ಲ.

ಕಳೆದುಹೋದುದನ್ನು ನಕಲುಮಾಡಿ ತರುವುದಂತೂ ನನಗೆ ಸಮ್ಮತವಿಲ್ಲ. ಹಳೆಯ ಕಂಬವನ್ನು ಮಾರಿ, ಅದೇ ಜಾಗದಲ್ಲಿ ಸಿಮೆಂಟಿನ ಕಂಬಕ್ಕೆ ಮರದ ಬಣ್ಣ ಬಳಿಸಿದವರ ರಸಿಕತೆಗೆ ಏನೆನ್ನೋಣ! ವರ್ಷಕ್ಕೊಮ್ಮೆ ಮಾಳಿಗೆ ಹತ್ತುವವರು ಮನೆಯಲ್ಲಿದ್ದರೆ ಮಣ್ಣಿನ ಮಾಳಿಗೆಯನ್ನು ಉಳಿಸಿಕೊಳ್ಳಿರಿ. ಇಲ್ಲವಾದರೆ ಮಣ್ಣಿಳಿಸಿ, ಗಟ್ಟಿಯಿರುವ ತೊಲೆ ಜಂತಿಗಳ ಮೇಲೆಯೇ ಹಗುರವಾದ ಹೊದಿಕೆ ಹಾಕಿಸಿರಿ. ಕೆಡವಲೇಬೇಕಾಗಿ ಬಂದರೆ, ತಲೆಬಾಗಿಲಿನ ಚೌಕಟ್ಟನ್ನಾದರೂ ಹಳೆಯ ಮರದ ವ್ಯಾಪಾರಿಗೆ ಕೊಡದೆ, ಅದರ ಅಳತೆಗೆ ತಕ್ಕಂತೆ ಹೊಸ ಮನೆಯ ಬಾಗಿಲನ್ನಿಡಲು ಗೌಂಡಿಗೆ ಬುನಾದಿಯ ದಿನವೇ ಹೇಳಿರಿ.